ಹಾಜಿಯವರ ಅಂಗಳದ ಕೆಂಪು ಕಲೆ

ಕೊರೋನಾ ತಣ್ಣಗಾದ ಮರುವರ್ಷದ ಮೇ ತಿಂಗಳು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಾಯಿಲ್ ಮೆಕ್ಯಾನಿಕ್ಸ್ ಕಲಿಸಿ ನಿವೃತ್ತಳಾಗಿದ್ದ ನಾನು ಮೂಡುಬಿದಿರೆಯಲ್ಲಿ ಮಣ್ಣು ಪರೀಕ್ಷೆಯ ಸಣ್ಣ ಕಚೇರಿ ಇಟ್ಟುಕೊಂಡಿದ್ದೆ. ನಮ್ಮ ಕಡೆಯ ಜನ ಬಾವಿ ತೋಡುವ ಮೊದಲು ನೀರು ನೋಡುವವರನ್ನು ಕರೆಸುತ್ತಾರೆ. ಮಣ್ಣು ನೋಡುವವಳ ನೆನಪಾಗುವುದು ಮಾತ್ರ ಗೋಡೆ ಬಿರುಕು ಬಿಟ್ಟ ಮೇಲೆ. ಇಬ್ರಾಹಿಂ ಹಾಜಿಯವರಿಗೂ ನನ್ನ ನೆನಪಾದದ್ದು ಹಾಗೆಯೇ.

ಬಂಟ್ವಾಳಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಅವರ ಮನೆ. ಸೌದಿಯಲ್ಲಿ ಅರ್ಧ ಆಯುಷ್ಯ ಅಂಗಡಿ ನಡೆಸಿ, ಊರಿಗೆ ಮರಳಿ ಕಟ್ಟಿಸಿದ್ದು. ಇಲ್ಲಿನ ರೂಢಿಯಂತೆ ಜೆಸಿಬಿ ತರಿಸಿ, ಗುಡ್ಡವನ್ನು ನೆಟ್ಟಗೆ ಕಡಿದು ಜಾಗ ಸಮತಟ್ಟು ಮಾಡಿದ್ದರು. ಕಡಿದ ಬದಿಗೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ತಡೆಗೋಡೆ ಎಬ್ಬಿಸಿದ್ದರು. ಹಿಂದಿನ ಮಳೆಗಾಲದಲ್ಲಿ ಆ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ಮುಂದೆ ಬಂದಿತ್ತು. ಗುಡ್ಡದ ಮೇಲಿನ ವಾಸಣ್ಣನ ರಬ್ಬರ್ ತೋಟದಲ್ಲಿ, ಅಂಚಿನುದ್ದಕ್ಕೂ ಕೈ ತೂರುವಷ್ಟು ಅಗಲದ ಬಿರುಕು.

"ಈ ಮಳೆಗೆ ನಾವು ಇಲ್ಲಿ ಮಲಗಬಹುದಾ, ಅಷ್ಟು ಹೇಳಿ ಮೇಡಮ್" ಎಂದರು ಹಾಜಿಯವರ ಹೆಂಡತಿ ಜುಲೈಕಾ. ಅವರು ಆಗಲೇ ಬಟ್ಟೆಬರೆ ಕಟ್ಟಿಟ್ಟಿದ್ದರು.

ಹಾಜಿಯವರ ಪ್ರಕಾರ ಎಲ್ಲದಕ್ಕೂ ವಾಸಣ್ಣನೇ ಕಾರಣ. ಆತ ತೋಟದ ಅಂಚಿನಲ್ಲಿ ಸಾಲಾಗಿ ಇಂಗುಗುಂಡಿ ತೋಡಿ, ಮಳೆನೀರನ್ನು ಗುಡ್ಡಕ್ಕೆ ಕುಡಿಸುತ್ತಿದ್ದ. ವಾಸಣ್ಣನನ್ನೂ ಕರೆಸಿದೆ. ಆತ ಬಗ್ಗುವ ಪೈಕಿಯಲ್ಲ.

"ಗುಡ್ಡೆಯ ಕಾಲು ಕಡಿದದ್ದು ಯಾರು? ಈಗ ನನ್ನ ಬಾವಿಯಲ್ಲಿ ಮೇ ತಿಂಗಳಲ್ಲೂ ನೀರು ಉಂಟು. ಗುಂಡಿ ಮುಚ್ಚಿದರೆ ಇವರು ಕೊಡ್ತಾರಾ?"

ಒಂದೇ ಶಾಲೆಯಲ್ಲಿ ಓದಿದವರು ತಿಂಗಳುಗಳಿಂದ ಮಾತು ಬಿಟ್ಟಿದ್ದರು. ನಾನು ಇಬ್ಬರನ್ನೂ ಬಿಟ್ಟು ಗೋಡೆ ನೋಡಿದೆ. ನೀರು ಹೊರಬರಲು ತಡೆಗೋಡೆಯಲ್ಲಿ ತೂತುಗಳಿರಬೇಕು. ಇಲ್ಲಿ ಒಂದೂ ಕಾಣಲಿಲ್ಲ.

"ತೂತು ಇತ್ತು ಮೇಡಮ್" ಎಂದರು ಹಾಜಿಯವರು, ತುಸು ಹೆಮ್ಮೆಯಿಂದಲೇ. "ಕೆಂಪು ನೀರು ಬಂದು ಅಂಗಳದ ಇಂಟರ್‌ಲಾಕ್ ಇಟ್ಟಿಗೆಯೆಲ್ಲ ಕಲೆ. ನಾನೇ ನಿಂತು ಸಿಮೆಂಟ್ ಹಾಕಿಸಿ ಮುಚ್ಚಿಸಿದೆ."

ನನಗೆ ಮೈ ಉರಿಯಿತು. ಅಂಗಳದ ಚಂದಕ್ಕಾಗಿ ಗುಡ್ಡದ ಮೂಗು, ಬಾಯಿ ಎರಡನ್ನೂ ಮುಚ್ಚಿದ್ದರು. ಬೈಯುವ ಬದಲು ಜುಲೈಕಾ ಅವರಲ್ಲಿ ಎರಡು ಗಾಜಿನ ಲೋಟ ನೀರು ಕೇಳಿದೆ.

ನಮ್ಮ ಗುಡ್ಡಗಳ ಮೇಲ್ಪದರ ಗಟ್ಟಿ ಮುರಕಲ್ಲು. ಅದರ ಕೆಳಗೆ ಬಿಳಿ, ಗುಲಾಬಿ ಬಣ್ಣದ ಶೇಡಿ ಮಣ್ಣು. ಒಣಗಿದ್ದಾಗ ಇದು ಪಿಕಾಸಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಒಂದು ಲೋಟಕ್ಕೆ ಮುರಕಲ್ಲಿನ ಚೂರು, ಇನ್ನೊಂದಕ್ಕೆ ಗೋಡೆಯ ಕೊನೆಯಲ್ಲಿ ಕೆತ್ತಿದ ಶೇಡಿ ಹೆಂಟೆ ಹಾಕಿದೆ. ಮುರಕಲ್ಲು ಹಾಗೆಯೇ ಕೂತಿತು. ಜುಲೈಕಾ ನಮಗೆಲ್ಲ ಕೊಟ್ಟ ಚಹಾ ಆರುವ ಮೊದಲೇ ಶೇಡಿ ಬೆಲ್ಲದ ಹಾಗೆ ಕುಸಿದು ತಳ ಸೇರಿತು.

"ಇದರ ಮೇಲಾ ನನ್ನ ಗುಂಡಿಗಳು?" ಎಂದ ವಾಸಣ್ಣ.

"ಇದರ ಮೇಲೆಯೇ. ಇದರ ನೀರು ಹೊರಗೆ ಬಾರದ ಹಾಗೆ ಅವರ ಗೋಡೆ."

ನಾನು ತರಗತಿಯ ಮೊದಲ ಪಾಠ ಹೇಳಿದೆ. ಕಣಗಳು ಒಂದನ್ನೊಂದು ಒತ್ತಿ ಹಿಡಿದಿರುವುದೇ ಮಣ್ಣಿನ ಬಲ. ನಡುವಿನ ಸಂದುಗಳಲ್ಲಿ ಸಿಕ್ಕಿಬಿದ್ದ ನೀರು ಅವನ್ನು ದೂರ ತಳ್ಳುತ್ತದೆ. ಅದಕ್ಕೆ ಪೋರ್ ಪ್ರೆಷರ್ ಎನ್ನುತ್ತೇವೆ. ಅದು ಏರಿದಷ್ಟೂ ಕಣಗಳ ಹಿಡಿತ ಸಡಿಲಾಗುತ್ತದೆ.

ಶೇಡಿಯ ಸ್ಯಾಂಪಲ್ ತೆಗೆದು ಲ್ಯಾಬಿನಲ್ಲಿ ಶಿಯರ್ ಟೆಸ್ಟ್ ಮಾಡಿದೆ. ಮಣ್ಣು ಎಷ್ಟು ಒತ್ತಡಕ್ಕೆ ಜಾರುತ್ತದೆಂದು ಅಳೆಯುವ ಪರೀಕ್ಷೆ ಅದು. ಲೆಕ್ಕ ಮುಗಿದಾಗ ನಿಜಕ್ಕೂ ಖುಷಿಯಾಯಿತು. ನೀರು ನಿಂತರೆ ಗುಡ್ಡ ಜಾರುತ್ತದೆ, ಹರಿದು ಹೋದರೆ ನಿಲ್ಲುತ್ತದೆ. ಅಂದರೆ ಮನೆ ಉಳಿಸಿಕೊಳ್ಳಬಹುದು.

ಉಳಿದದ್ದು ವಾಸಣ್ಣನ ಬಾವಿ. ಅವನ ತೋಟವೆಲ್ಲ ಸುತ್ತಿ ಆಗರ್ ಎಂಬ ಉದ್ದ ಬೈರಿಗೆಯಿಂದ ನೆಲ ಕೊರೆದು ನೋಡಿದೆ. ಹಿಂಬದಿಯ ಇಳಿಜಾರಿನಲ್ಲಿ ಮುರಕಲ್ಲು ದಪ್ಪವಿತ್ತು, ನೀರು ಬಾವಿಯತ್ತ ಇಳಿಯುವಂತಿತ್ತು, ಕೆಳಗೆ ಯಾರ ಮನೆಯೂ ಇರಲಿಲ್ಲ.

"ಗುಂಡಿ ಇಲ್ಲಿ ತೋಡುವ" ಎಂದೆ.

ವಾಸಣ್ಣ ಉತ್ತರಿಸುವ ಮೊದಲೇ, ಜೊತೆಗೆ ಬಂದಿದ್ದ ಹಾಜಿಯವರು ಬಾಯಿ ಹಾಕಿದರು: "ಜೆಸಿಬಿ ನಾನು ಕಳಿಸ್ತೇನೆ ಮಾರಾಯ. ಗುಡ್ಡೆ ಕಡಿದ ಪಾಪ ಅದೇ ತೊಳೆದುಕೊಳ್ಳಲಿ."

ವಾಸಣ್ಣ ನಕ್ಕುಬಿಟ್ಟ.

ಹಳೆಯ ಗುಂಡಿಗಳನ್ನು ಮುಚ್ಚಿದೆವು. ನೀರು ಇಳಿಯದಂತೆ ಬಿರುಕಿಗೆ ಅಂಟುಮಣ್ಣು ತುಂಬಿ ಗುದ್ದಿ, ಮೇಲೆ ಟಾರ್ಪಾಲ್ ಹೊದಿಸಿದೆವು. ಮಳೆನೀರು ಹಿಂಬದಿಗೆ ಹರಿದುಹೋಗಲು ಅಂಚಿನಿಂದ ಹಿಂದಕ್ಕೆ ಕಾಂಕ್ರೀಟ್ ಚರಂಡಿ ಬಂತು. ಉಬ್ಬಿದ ಗೋಡೆ ಬಿಚ್ಚಿ, ಬೆನ್ನಿಗೆ ಜಲ್ಲಿ ತುಂಬಿ, ತೂತು ಬಿಟ್ಟು ಮತ್ತೆ ಕಟ್ಟಿಸಿದೆವು. ಮೊದಲ ದೊಡ್ಡ ಮಳೆ ಕಳೆಯುವವರೆಗೆ ತವರಿನಲ್ಲಿರಿ ಎಂದು ಜುಲೈಕಾ ಅವರಿಗೆ ಹೇಳಿದೆ. ಲೆಕ್ಕ ಸರಿಯಿದ್ದರೂ ನನಗೂ ಪೂರ್ತಿ ಧೈರ್ಯವಿರಲಿಲ್ಲ.

ಜುಲೈನಲ್ಲಿ ಎಡೆಬಿಡದೆ ಸುರಿದ ಒಂದು ವಾರ. ಮನೆ ನೋಡಲು ಗಂಡನ ಜೊತೆ ಬಂದಿದ್ದ ಜುಲೈಕಾ ಫೋನ್ ಮಾಡಿದರು.

"ಎಲ್ಲ ತೂತಿನಲ್ಲೂ ನೀರು ಬರ್ತಾ ಉಂಟು ಮೇಡಮ್. ಅಂಗಳ ಕೆಂಪಾಯ್ತು."

"ನೀರಿನ ಜೊತೆ ಮಣ್ಣು ಬರ್ತದಾ?"

"ಇಲ್ಲ. ಮೊದಲು ಕೆಂಪಿತ್ತು, ಈಗ ತಿಳಿ ನೀರು."

ತಿಳಿ ನೀರೆಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿಲ್ಲ. ನಾನು ಕುರ್ಚಿಗೆ ಒರಗಿ ಕಣ್ಣೊರೆಸಿಕೊಂಡೆ. ಬಿಡುವಾದ ದಿನ ಹೋಗಿ ಗೋಡೆ ಅಳೆದು ನೋಡಿದೆ, ಕೂದಲೆಳೆಯಷ್ಟೂ ಸರಿದಿರಲಿಲ್ಲ. ಮನೆಗೆ ಬನ್ನಿ ಎಂದೆ.

ನೀರಿಗೆ ದಾರಿ ಬಿಟ್ಟರೆ ಮಣ್ಣು ತನ್ನ ಭಾರವನ್ನು ತಾನೇ ಹೊರುತ್ತದೆ ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೆ. ಆ ದಾರಿ ಬಿಡಲು ಗುಡ್ಡದ ಮೇಲಿನವರೂ ಕೆಳಗಿನವರೂ ಒಟ್ಟಿಗೆ ಕೂತು ಚಹಾ ಕುಡಿಯಬೇಕು ಎಂಬುದನ್ನು ಕೆಲಸವೇ ಕಲಿಸಿತು. ಮರುವರ್ಷದ ಮೇ ತಿಂಗಳಲ್ಲಿ ವಾಸಣ್ಣನ ಬಾವಿಯಲ್ಲಿ ನೀರಿತ್ತು. ಇಂಟರ್‌ಲಾಕಿನ ಕೆಂಪು ಕಲೆಯನ್ನು ಹಾಜಿಯವರು ಇಂದಿಗೂ ಉಜ್ಜಿಸಿಲ್ಲ. ಜುಲೈಕಾ ಈಗ ಮಲಗುವುದು ಗುಡ್ಡದ ಬದಿಯ ಕೋಣೆಯಲ್ಲೇ.

"ಮಳೆಗಾಲದಲ್ಲಿ ತೂತಿನಿಂದ ನೀರು ಬೀಳುವ ಶಬ್ದ ಕೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ ಮೇಡಮ್" ಎನ್ನುತ್ತಾರೆ.