ದೇವಕಿ ಮೇಡಂ ಕೇಳಿಸಿಕೊಂಡ ‘ಹೂಂ’

ದೇವಕಿ ಮೇಡಂ ಯಾರ ಮಾತಿಗೂ ತಲೆಯಾಡಿಸುತ್ತಿರಲಿಲ್ಲ. ಎದುರು ಕೂತವರು ಅತ್ತರೂ, ಕೂಗಾಡಿದರೂ, ತಮ್ಮ ಕೆಟ್ಟ ಫ್ರಿಜ್ಜಿನ ಜಾತಕವನ್ನೆಲ್ಲ ಬಿಚ್ಚಿಟ್ಟರೂ ಅವರ ಕತ್ತು ಅಲುಗುತ್ತಿರಲಿಲ್ಲ. ದಪ್ಪ ಕನ್ನಡಕದ ಹಿಂದಿನ ಕಣ್ಣುಗಳು ಮಾತ್ರ ಮಾತಾಡುವವರ ಮುಖದಲ್ಲಿ ನೆಟ್ಟಿರುತ್ತಿದ್ದವು. ಕೌಲಾಲಂಪುರದ ಗ್ರಾಹಕ ರಕ್ಷಣಾ ಕಚೇರಿಯೊಂದರಲ್ಲಿ ಅವರು ವಕೀಲೆ, ನಾನು ಅವರ ಸಹಾಯಕಿ. ಮೈಸೂರಿನಲ್ಲಿ ಕಾನೂನು ಓದಿ, ಗಂಡನ ಕೆಲಸದ ಬೆನ್ನು ಹತ್ತಿ ಮಲೇಷ್ಯಾಕ್ಕೆ ಬಂದ ನನಗೆ ಅಲ್ಲಿ ವಕೀಲಿ ಮಾಡುವ ಹಕ್ಕಿರಲಿಲ್ಲ. ದೂರು ಬರೆದುಕೊಳ್ಳುವುದು, ನಮ್ಮ ಕಡೆಯವರು ಬಂದರೆ ಅವರ ಮಾತನ್ನು ತಿಳಿಸಿ ಹೇಳುವುದು, ಇಷ್ಟೇ ನನ್ನ ಪಾಲಿನ ಕೆಲಸ.

ನಾನೋ ಹುಟ್ಟಾ ತಲೆಯಾಡಿಸುವವಳು. ಸೇರಿದ ಹೊಸದರಲ್ಲಿ ಮಸಾಜ್ ಕುರ್ಚಿಯೊಂದರ ಬಗ್ಗೆ ದೂರು ತಂದವನ ಕಥೆಯನ್ನು ಕತ್ತು ನೋಯುವಷ್ಟು ತಲೆಯಾಡಿಸುತ್ತ ಕೇಳಿದೆ. ಆತ ಹೊರಗೆ ಹೋಗಿ, ಕೇಸು ಗೆದ್ದಂತೆಯೇ ಎಂದು ಒಳಗಿನವರೇ ಒಪ್ಪಿದ್ದಾರೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದ. ಮೇಡಂ ನನ್ನನ್ನು ಕರೆದರು.

“ಏನ್ ಮಾ ನೀನು, ತಲೆ ಆಡಿಸ್ಬೇಡ ಲಾ. ಇವತ್ತು ನೀನು ಆಡಿಸಿದ್ ತಲೆ ನಾಳೆ ನಿನ್ ಮೇಲೇ ಸಾಕ್ಷಿ ಹೇಳತ್ತೆ.”

ಅವರ ಕನ್ನಡವೇ ಹಾಗೆ. ತಾತ ಕೋಲಾರದ ಕಡೆಯಿಂದ ರೈಲ್ವೆ ಕೆಲಸಕ್ಕೆಂದು ಬಂದು ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ ನೆಲೆಯೂರಿದವರು. ಮನೆಯ ಕನ್ನಡಕ್ಕೆ ನೆರೆಮನೆಯ ತಮಿಳು ಸೇರಿ, ಅದಕ್ಕೆ ಶಾಲೆಯ ಇಂಗ್ಲಿಷ್ ಸೇರಿ, ಕೊನೆಗೆ ಎಲ್ಲದರ ಬಾಲಕ್ಕೂ ಒಂದು ‘ಲಾ’ ಅಂಟಿಕೊಂಡಿತ್ತು. ಆ ಊರಿನಲ್ಲಿ ಏನು ಕೇಳಿದರೂ ‘ಕ್ಯಾನ್, ಕ್ಯಾನ್’ ಎನ್ನುವುದು ವಾಡಿಕೆ. ಸಕ್ಕರೆ ಕಮ್ಮಿ ಇರಲಿ ಎಂದಾಗ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನವನು ಹಾಗೆಂದು ಚಹಾ ತರಲು ಹೊರಟರೆ ಮೇಡಂ ಅವನನ್ನು ವಾಪಸು ಕರೆಯುತ್ತಿದ್ದರು. “ಕ್ಯಾನ್ ಅಂದ್ರೆ? ಸಕ್ಕರೆ ಕಮ್ಮಿ ಹಾಕ್ತೀಯಾ, ಇಲ್ಲಾ ಹಾಕಕ್ ಆಗತ್ತೆ ಅಂತ ಹೇಳ್ತಿದ್ದೀಯಾ?” ಅವನು ಪಾಪ ಕಣ್ಣುಕಣ್ಣು ಬಿಡುತ್ತಿದ್ದ. ಅವರ ಜೊತೆ ಚಹಾಕ್ಕೆ ಹೋಗಲು ನಮಗೆಲ್ಲ ನಾಚಿಕೆಯಾಗುತ್ತಿತ್ತು.

ಕೊರೊನಾ ಎರಡನೆಯ ವರ್ಷಕ್ಕೆ ಕಾಲಿಟ್ಟಾಗ ಕಚೇರಿ ಕಂಪ್ಯೂಟರ್ ಪರದೆಯೊಳಗೆ ಸೇರಿಕೊಂಡಿತ್ತು. ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಹೋಗಲೂ ಪರವಾನಗಿ ಬೇಕಿದ್ದ ಕಾಲ. ಆಗ ಬಂದದ್ದು ಲಲಿತಮ್ಮನವರ ದೂರು. ಬ್ರಿಕ್‌ಫೀಲ್ಡ್ಸ್‌ನಲ್ಲಿದ್ದ ಮಗಳನ್ನು ನೋಡಲು ಗಂಡನ ಜೊತೆ ಮೈಸೂರಿನಿಂದ ಬಂದು, ವಿಮಾನ ನಿಂತು, ಅಲ್ಲೇ ಉಳಿದುಬಿಟ್ಟವರು. ಸೋಂಕು ಗಂಡನನ್ನು ಕೊಂಡೊಯ್ದಿತು, ಮಗಳನ್ನು ಆಸ್ಪತ್ರೆಗೆ ಹಾಕಿತು. ಅಂತ್ಯಕ್ರಿಯೆ ಮಾಡಿಸಿದ, ಪಕ್ಕದ ಬಂದರು ಊರು ಕ್ಲಾಂಗಿನ ಖಾಸಗಿ ಸಂಸ್ಥೆ ಅಸ್ಥಿಯನ್ನು ಶುಕ್ರವಾರ ಬೇರೆಯವರ ಅಸ್ಥಿಗಳ ಜೊತೆ ಸಮುದ್ರಕ್ಕೆ ಬಿಡುವುದಾಗಿ ತಿಳಿಸಿತ್ತು. ಲಲಿತಮ್ಮನವರಿಗೆ ಅದು ಶ್ರೀರಂಗಪಟ್ಟಣದ ಕಾವೇರಿಗೇ ಸೇರಬೇಕು. “ಅವ್ರು ಈಜು ಕಲ್ತಿದ್ದೇ ಆ ನೀರಲ್ಲಿ ಕಣಮ್ಮ,” ಎಂದು ಫೋನಿನಲ್ಲಿ ಅತ್ತರು. ಆದರೆ ಸಂಸ್ಥೆಯವರು, ಆಕೆಯೇ ಫೋನಿನಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ, ರೆಕಾರ್ಡಿಂಗ್ ಇದೆ ಎಂದು ಪಟ್ಟು ಹಿಡಿದಿದ್ದರು.

ಬುಧವಾರ ವಿಡಿಯೋದಲ್ಲಿ ಎಲ್ಲರೂ ಸೇರಿದೆವು. ಸಂಸ್ಥೆಯ ಮ್ಯಾನೇಜರ್ ತಮಿಳಿನವನು, ಸೌಮ್ಯ ಮನುಷ್ಯ. ಅವನು ರೆಕಾರ್ಡಿಂಗ್ ಹಾಕಿದ. “ಫ್ಲೈಟ್ ಇಲ್ಲ ಆಂಟಿ, ಇಡೋಕೆ ಪ್ಲೇಸ್ ಇಲ್ಲ, ವಿ ಡೂ ದ ಸೀ, ಓಕೆ ಆ?” ಎಂದು ಹರಕು ಕನ್ನಡದ ಒಂದು ದನಿ. “ಹೂಂ,” ಎಂದು ಲಲಿತಮ್ಮ.

“ಆಂಟಿ, ಇದು ನಿಮ್ಮ ಒಪ್ಪಿಗೆ ತಾನೇ?” ಎಂದು ಮ್ಯಾನೇಜರ್ ತನ್ನ ಅರೆಬರೆ ಕನ್ನಡದಲ್ಲಿ ಮೆಲ್ಲಗೆ ಕೇಳಿದ.

“ಹೂಂ,” ಎಂದರು ಲಲಿತಮ್ಮ.

ಮ್ಯಾನೇಜರ್ ಕೈಚೆಲ್ಲಿದ. ನಾನು ಮೈಕು ಮುಚ್ಚಿ ತಲೆ ಚಚ್ಚಿಕೊಂಡೆ. ಮೇಡಂ ಮಾತ್ರ ಅಲುಗಾಡಲಿಲ್ಲ. ಆ ಕರೆಯನ್ನು ಮೊದಲಿನಿಂದ ಪೂರ್ತಿ ಕೇಳಿಸಿ ಎಂದರು.

ಪೂರ್ತಿ ಕೇಳಿದೆವು. ಫೋನ್ ಮಾಡಿದವನು ಕೆಮ್ಮಿದ, ಲಲಿತಮ್ಮ ಹೂಂ ಎಂದರು. ಅವನು ಪಕ್ಕದವರಿಗೆ ಊಟ ಕಟ್ಟಿಸಿಕೊಂಡು ಬಾ ಎಂದ, ಅದಕ್ಕೂ ಹೂಂ. ಒಂದು ನಿಮಿಷ ಎಂದು ಅವನು ಕರೆಯನ್ನು ಹಿಡಿದಿಟ್ಟಾಗ, ದಯವಿಟ್ಟು ಕಾಯಿರಿ ಎಂದು ಯಂತ್ರವೊಂದು ಮಲಯ ಭಾಷೆಯಲ್ಲಿ ಹೇಳತೊಡಗಿತು. ಆ ಯಂತ್ರಕ್ಕೂ ಲಲಿತಮ್ಮ ಭಕ್ತಿಯಿಂದ ಹೂಂಗುಟ್ಟುತ್ತಲೇ ಇದ್ದರು. ನನಗೆ ಮೊದಲು ನಗು ಬಂತು, ಆಮೇಲೆ ಅರ್ಥವಾಯಿತು. ಖಾಲಿ ಮನೆಯಲ್ಲಿ ಒಬ್ಬರೇ ಇದ್ದ ಹೆಂಗಸು, ಒಂದು ಮನುಷ್ಯ ದನಿ ನಿಲ್ಲದಿರಲಿ ಎಂದು ಹೂಂಗುಟ್ಟಿದ್ದರು.

ಮೇಡಂ ಮ್ಯಾನೇಜರ್ ಜೊತೆ ತಮಿಳಿಗೆ ತಿರುಗಿದರು. ನಮ್ಮ ಪಾಟಿ, ಅಂದರೆ ಅಜ್ಜಿ, ಕಥೆ ಹೇಳುವಾಗ ಹೂಂ ಅನ್ನದಿದ್ದರೆ ಕಥೆಯನ್ನೇ ನಿಲ್ಲಿಸಿಬಿಡುತ್ತಿದ್ದಳು, ನಿಮ್ಮ ಮನೆಯಲ್ಲೂ ಇತ್ತಲ್ಲವೇ ಎಂದು ಕೇಳಿದರು. ಕೇಳುತ್ತಿದ್ದೇನೆ ಅನ್ನುವುದೂ ಒಪ್ಪಿದ್ದೇನೆ ಅನ್ನುವುದೂ ನಮ್ಮಲ್ಲಿ ಒಂದೇ ಸದ್ದು. ಯಾವುದು ಯಾವುದೆಂದು ಕೇಳಿ ತಿಳಿಯಬೇಕಾದವರು ನೀವು, ಎಂದರು. ಆತ ಶುಕ್ರವಾರದ ಪಟ್ಟಿ ತೆಗೆದು ಒಂದು ಹೆಸರು ಹೊಡೆದುಹಾಕಿದ. ಆಮೇಲೆ, “ನಾಳೆ ಬಂದು ತಗೊಂಡು ಹೋಗಿ ಮೇಡಂ,” ಎಂದ.

ಪರವಾನಗಿ ಹಿಡಿದು ಮೇಡಂ ತಮ್ಮದೇ ಕಾರಿನಲ್ಲಿ ಕ್ಲಾಂಗಿಗೆ ಹೊರಟರು, ನಾನೂ ಹೋದೆ. ಬಂದರಿನ ದಾರಿಯಲ್ಲಿ ಕಂಟೇನರ್ ಲಾರಿಗಳು ಬಿಟ್ಟರೆ ನಾವೇ. ಕೆಂಪು ಬಟ್ಟೆ ಸುತ್ತಿದ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಬ್ರಿಕ್‌ಫೀಲ್ಡ್ಸ್‌ವರೆಗೆ ಬಂದೆ. ಲಲಿತಮ್ಮ ಬಾಗಿಲಲ್ಲೇ ನಿಂತಿದ್ದರು. ಮಡಕೆಯನ್ನು ಎದೆಗವಚಿಕೊಂಡು, ನಮ್ಮನ್ನು ಒಳಗೆ ಕರೆಯುವುದನ್ನೂ ಮರೆತು ಬಾಗಿಲು ಹಾಕಿಕೊಂಡರು.

ನಾನು ಮೇಡಂ ಅವರನ್ನು ಮುಖಾಮುಖಿ ಕಂಡದ್ದು ಆ ದಿನವೇ ಕೊನೆ. ಮುಂದಿನ ತಿಂಗಳು ಗಂಡನ ಕೆಲಸ ಮುಗಿದು, ಸಿಕ್ಕ ವಿಶೇಷ ವಿಮಾನ ಹಿಡಿದು ನಾವು ಮೈಸೂರಿಗೆ ಹಿಂತಿರುಗಿದೆವು. ಕಚೇರಿ ಮತ್ತೆ ತೆರೆಯುವಷ್ಟರಲ್ಲಿ ಅವರು ಕೆಲಸ ಬಿಟ್ಟಿದ್ದರಂತೆ, ಫೋನ್ ನಂಬರೂ ಬದಲಾಗಿತ್ತು. ಈಗಲೂ ಯಾರಾದರೂ ನನ್ನ ಮಾತಿಗೆ ಸುಮ್ಮನೆ ಓಕೆ ಎಂದರೆ ಅವರ ನೆನಪಾಗಿ ಸಂಕಟವಾಗುತ್ತದೆ.

ಮಡಕೆ ತಲುಪಿಸಿದ ಆ ದಿನ ನನ್ನನ್ನು ಮಾಂಟ್ ಕಿಯಾರಾದ ನಮ್ಮ ಮನೆಗೆ ಬಿಡಲು ಬಂದ ಮೇಡಂ ಗೇಟಿನ ಮುಂದೆ ಕಾರು ನಿಲ್ಲಿಸಿ, ಸ್ಟಿಯರಿಂಗ್ ಬಿಡದೆ ಕೂತರು.

“ನನ್ ಅಮ್ಮ ಹೋದ್ ವರ್ಷ ಈಪೋದಲ್ಲಿ ಹೋಗ್ಬಿಟ್ರು ಮಾ. ಫಸ್ಟ್ ಲಾಕ್‌ಡೌನ್. ರೋಡೆಲ್ಲ ಬಂದ್, ನಂಗ್ ಹೋಗಕ್ಕೇ ಆಗ್ಲಿಲ್ಲ. ಅಲ್ಲೂ ಹಿಂಗೇ ಫೋನ್ ಬಂತು, ಸಮುದ್ರಕ್ಕೆ ಬಿಡ್ಲಾ ಅಂತ.”

“ನೀವೂ ಹೂಂ ಅಂದ್ರಾ ಮೇಡಂ?” ಎಂದೆ.

“ಇಲ್ಲ ಲಾ. ನಾನು ಲಾಯರ್ ಅಲ್ವಾ? ಯೆಸ್, ಐ ಅಗ್ರೀ, ಅಂದೆ. ಹೆಸರು ಹೇಳಿ, ಎರಡ್ ಸಲ ಕ್ಲಿಯರಾಗಿ ಅಂದೆ. ಆ ಒಪ್ಪಿಗೇನ ಯಾವ್ ಲಾಯರೂ ಮುರಿಯಕ್ಕಾಗಲ್ಲ.”