ಸಫಿಯಮ್ಮನ ಎರಡು ಗಾಜಿನ ಕಿಟಕಿ

ತೋಡಾರಿನಲ್ಲಿ ಮದುಮಗಳನ್ನು ಸಿಂಗರಿಸಬೇಕೆಂದರೆ ಸಫಿಯಮ್ಮನೇ ಬೇಕು. ಮನೆಯ ಪಡುವಣ ಕೋಣೆಯನ್ನು ಅದಕ್ಕೆಂದೇ ಬಿಟ್ಟುಕೊಟ್ಟಿದ್ದಳು. ಬೇಸಿಗೆಯಲ್ಲಿ ಬೆವರಿಗೆ ಮುಖದ ಬಣ್ಣ ಇಳಿಯುತ್ತದೆಂದು ಎ.ಸಿ. ಹಾಕಿಸಿದ ಮೇಲೆ, ದುಡಿದದ್ದರಲ್ಲಿ ಅರ್ಧ ಕರೆಂಟ್ ಬಿಲ್ಲಿಗೇ ಹೋಗತೊಡಗಿತು. ಕೋಣೆಯ ಎರಡು ಹಳೆಯ ಮರದ ಕಿಟಕಿಗಳ ಸಂದಿನಲ್ಲಿ ತಂಪೆಲ್ಲ ಹೊರಗೆ ಸೋರುತ್ತಿತ್ತು.

ತಮ್ಮ ಹನೀಫಾ ಶಾರ್ಜಾದಿಂದ ಬಂದು ಮೂಡುಬಿದಿರೆಯಲ್ಲಿ ಅಲ್ಯೂಮಿನಿಯಂ ಕಿಟಕಿಯ ಅಂಗಡಿ ತೆರೆದದ್ದು ಆ ವರ್ಷವೇ, ಎರಡು ಸಾವಿರದ ಆರರಲ್ಲಿ. ತಾಯಿ ತೀರಿಕೊಂಡಾಗ ಅವನಿಗಿನ್ನೂ ಸರಿಯಾಗಿ ಮಾತು ಬಂದಿರಲಿಲ್ಲ. ಸೊಂಟದಲ್ಲಿಟ್ಟುಕೊಂಡು ಸಾಕಿದವಳು ಸಫಿಯಮ್ಮ.

"ಎರಡು ಗಾಜು, ನಡುವೆ ಗಾಳಿ. ಬಿಸಿ ಒಳಗೆ ದಾಟುವುದಿಲ್ಲ ಅಕ್ಕ," ಎಂದ ಹನೀಫಾ. "ಬಿಲ್ಲಿನಲ್ಲಿ ಉಳಿಯುವುದರಿಂದಲೇ ಮೂರ್ನಾಲ್ಕು ವರ್ಷದಲ್ಲಿ ಕಿಟಕಿಯ ದುಡ್ಡು ವಾಪಸ್. ಆಮೇಲೆ ಎಲ್ಲ ಲಾಭವೇ."

ಅವಳು ಚೌಕಾಸಿ ಮಾಡದೆ ಹಾಕಿಸಿದಳು. ಹೊಸ ಕಿಟಕಿಯನ್ನು ಮದುಮಗಳ ಕಡೆಯವರು ಮುಟ್ಟಿ ನೋಡಿದರೆ, "ನನ್ನ ತಮ್ಮನ ಕೆಲಸ, ಕಣ್ಣು ಮುಚ್ಚಿ ಮಾಡಿಸಿ," ಎನ್ನುವಳು. ಪಕ್ಕದ ಮನೆಯ ಬೀಯಮ್ಮ ಆ ಮಾತಿನ ಮೇಲೆಯೇ ಮಾಡಿಸಿದಳು. ಸಫಿಯಮ್ಮನ ಬಿಲ್ಲು ಮಾತ್ರ ಇಳಿಯಲಿಲ್ಲ. "ಈ ಸಲ ಸೆಕೆ ಜಾಸ್ತಿ ಅಕ್ಕ," ಎಂದ ಹನೀಫಾ. ಇರಬಹುದು ಎಂದುಕೊಂಡಳು.

ಮರುವರ್ಷ ಮಾರ್ಚಿನ ಗಾಳಿಗೆ ತೆಂಗಿನ ಮಡಲೊಂದು ಬಡಿದು ಗಾಜು ಒಡೆಯಿತು. ಚೂರು ಹೆಕ್ಕುತ್ತ ಸಫಿಯಮ್ಮ ಚೌಕಟ್ಟಿನೊಳಗೆ ಬೆರಳಾಡಿಸಿದಳು. ಒಂದೇ ಗಾಜು. ಎರಡಿರುವಂತೆ ಕಾಣಲೆಂದು ಅಂಚಿಗೆ ದಪ್ಪ ಪಟ್ಟಿ ಅಂಟಿಸಿತ್ತು. ಇನ್ನೊಂದು ಕಿಟಕಿಯ ರಬ್ಬರನ್ನು ಕತ್ತರಿಯಿಂದ ಎಬ್ಬಿಸಿ ನೋಡಿದಳು. ಅಲ್ಲಿಯೂ ಅದೇ.

ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿ ಅಂಗಡಿಗೆ ಹೋದಳು.

"ಅಸಲಿ ಗಾಜು ತರಿಸ್ಲಿಕ್ಕೆ ಆಗ ನನ್ನ ಕೈಯಲ್ಲಿ ಏನೂ ಇರ್ಲಿಲ್ಲ ಅಕ್ಕ. ಆಮೇಲೆ ಬದಲಿಸ್ತೇನೆ ಅಂತ ಇದ್ದೆ."

"ಬೀಯಮ್ಮನ ಮನೆಯದ್ದು?"

"ಅದೂ ಅದೇ." ಅವನು ಅಳತೆಯ ಟೇಪನ್ನು ಎಳೆದು ಎಳೆದು ಬಿಡುತ್ತಿದ್ದ.

"ನನಗೆ ಮಾಡಿದ್ದು ಇರಲಿ. ಅವಳಿಗೆ ಯಾಕೆ ಮಾಡಿದೆ ಮಾರಾಯ?"

"ನೀನು ಹೇಳಿದ್ರೆ ಯಾರೂ ಬಿಚ್ಚಿ ನೋಡುವುದಿಲ್ಲ ಅಲ್ವಾ," ಎಂದ ಹನೀಫಾ, ತಲೆಯೆತ್ತದೆ.

ಸಫಿಯಮ್ಮ ಮನೆಗೆ ಹೋಗಲಿಲ್ಲ. ನೇರ ಬೀಯಮ್ಮನಲ್ಲಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೀಯಮ್ಮ ಅವಳ ಮುಖ ನೋಡಿ ಕೇಳಿದಳು: "ನಿಂಗೆ ಇದ್ರಲ್ಲಿ ಎಷ್ಟು ಸಿಕ್ಕಿತು ಸಫಿಯಾ?"



ಆ ಸೀಸನ್ನಿನ ಸಂಪಾದನೆಯಲ್ಲಿ ಮಂಗಳೂರಿನಿಂದ ನಿಜವಾದ ಜೋಡಿ ಗಾಜು ತರಿಸಿ ಮೊದಲು ಬೀಯಮ್ಮನ ಮನೆಗೆ ಹಾಕಿಸಿದಳು, ಆಮೇಲೆ ತನ್ನ ಕೋಣೆಗೆ. ಮುಂದಿನ ಬೇಸಿಗೆಯಲ್ಲಿ ಎ.ಸಿ. ಸ್ವಲ್ಪ ಹೊತ್ತು ಓಡಿದರೂ ಕೋಣೆ ತಂಪಾಗಿಯೇ ಉಳಿಯುತ್ತಿತ್ತು. ಬಿಲ್ಲು ಚೆನ್ನಾಗಿಯೇ ಇಳಿಯಿತು. ತಮ್ಮ ಹೇಳಿದ ಲೆಕ್ಕದಲ್ಲಿ ಸುಳ್ಳಿರಲಿಲ್ಲ. ಅಷ್ಟು ನಿಜ ಗೊತ್ತಿದ್ದೂ ಅವನು ಹಾಗೆ ಮಾಡಿದನಲ್ಲ ಎಂಬುದನ್ನು ಅವಳಿಗೆ ನುಂಗಲಾಗಲಿಲ್ಲ.

ಪೆರ್ನಾಲಿಗೆ ಹನೀಫಾ ಬಂದ. ಹಬ್ಬದ ಊಟ ಬಡಿಸಿದಳು. "ಬಿಲ್ಲು ಹೇಗುಂಟು ಅಕ್ಕ?" ಎಂದು ಅವನು ಕೇಳಿದಾಗ, ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.