ರೆಕಾರ್ಡಿನ ಕೊನೆಯ ಮಗ್ಗುಲು

ಕೊಬ್ಬರಿ ಆಗಿದೆಯೋ ಇಲ್ಲವೋ ಅಂತ ಆಗ ನಮ್ಮ ಸೀಮೆಯಲ್ಲಿ ಯಾರೂ ಕಣ್ಣಿಂದ ನೋಡಿ ಹೇಳುತ್ತಿರಲಿಲ್ಲ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಲೊಡಲೊಡ ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಸುಲಿಯಬಹುದು. ಸದ್ದಿಲ್ಲದಿದ್ದರೆ ಇನ್ನೂ ಹಸಿ, ವಾಪಸ್ಸು ಅಟ್ಟಕ್ಕೆ. ನೊಣವಿನಕೆರೆ ಹತ್ತಿರದ ನಮ್ಮ ಮನೆಯಲ್ಲಿ ಆ ಕೆಲಸ ಅಪ್ಪನ ತಮ್ಮ ನಂಜುಂಡಿ ಚಿಕ್ಕಪ್ಪನದು. ಮೂರು ವರ್ಷ ಬೊಂಬಾಯಿಯಲ್ಲಿ ಕೆಲಸ ಮಾಡಿ ಊರಿಗೆ ಮರಳಿದ್ದ, ಇನ್ನೂ ಮದುವೆಯಾಗದ ಚಿಕ್ಕಪ್ಪ. ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಅವನು ಆರಿಸಿಟ್ಟ ಕಾಯಿಗಳನ್ನು ಒಡೆದರೆ ಅರ್ಧಕ್ಕರ್ಧ ಹಸಿ.

"ಏನ್ಲಾ ನಂಜಾ, ಕಿವೀಗೆ ಅರಳೆ ಇಟ್ಕಂಡಿದ್ದೀಯಾ?" ಅಂತ ಅಜ್ಜಿ ನಕ್ಕಳು. ಚಿಕ್ಕಪ್ಪ ನಗಲಿಲ್ಲ. ಬೊಂಬಾಯಿಯಲ್ಲಿದ್ದಾಗಲೇ ಎಡಗಿವಿ ಮಂದವಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಅಪ್ಪ ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿದರು. ಕಿವಿಯ ನರ ಬತ್ತುತ್ತಿದೆ, ಎಡದ್ದು ಹೋಯಿತು, ಬಲದ್ದು ದೀಪಾವಳಿ ಕಂಡರೆ ಹೆಚ್ಚು ಅಂದರಂತೆ ಡಾಕ್ಟರು.

ಅದಾದ ವಾರಕ್ಕೇ ಚಿಕ್ಕಪ್ಪ ತುಮಕೂರಿನಿಂದ ಹಳೆಯದೊಂದು ಬ್ಯಾಟರಿ ರೆಕಾರ್ಡ್ ಪ್ಲೇಯರ್ ಹೊತ್ತು ತಂದ. ಕೆಂಪು ಮುಚ್ಚಳ, ಮುಚ್ಚಳದೊಳಗೇ ಸ್ಪೀಕರು, ಅದಕ್ಕೊಂದು ಉದ್ದನೆಯ ವೈರು. ಟ್ರಂಕಿನ ತಳದಿಂದ ಮೂರು ಎಲ್ಪಿ ರೆಕಾರ್ಡು ತೆಗೆದ. ಬೊಂಬಾಯಿಯ ರೂಮಿನಲ್ಲಿ ಜೊತೆಗಿದ್ದ ಗೋವಾದ ಗೆಳೆಯನೊಬ್ಬ ದೇಶ ಬಿಡುವಾಗ ಕೊಟ್ಟವು. ವಿಲಾಯಿತಿಯ ಹುಡುಗರು ಅರವತ್ತರ ದಶಕದಲ್ಲಿ ಗಿಟಾರು, ಡ್ರಮ್ಮು ಇಟ್ಟುಕೊಂಡು ಮಾಡಿದ ಸಂಗೀತ. ಹಾಕಲು ಮಿಷನ್ನಿಲ್ಲದೆ ಚಿಕ್ಕಪ್ಪ ಅಲ್ಲಿಯವರೆಗೆ ಒಂದನ್ನೂ ಕೇಳಿರಲಿಲ್ಲ.

ಶನಿವಾರ ಕಾನ್ವೆಂಟ್ ಅರ್ಧ ದಿನ. ತಿಪಟೂರಿನಿಂದ ಬಸ್ಸಿಳಿದು, ಅಮ್ಮ ಮುಚ್ಚಿಟ್ಟ ಮುದ್ದೆ, ಹುರುಳಿಕಾಳಿನ ಸಾರು ಉಂಡು, ಬಾಯಿ ತೊಳೆಯುವುದರೊಳಗೆ ಅವನ ಕೂಗು: "ಶೀಲೂ, ಬಾರೇ, ಸೂಜಿ ಇಡು." ಅವನು ಗೋಡೆಯ ಕಡೆ ಮುಖ ಮಾಡಿ, ಮುಚ್ಚಳವನ್ನು ಎದೆಗವಚಿಕೊಂಡು, ಬಲಗಿವಿಯನ್ನು ಸ್ಪೀಕರಿಗೆ ಒತ್ತಿ ಕಣ್ಣು ಮುಚ್ಚುತ್ತಿದ್ದ. ಹಾಸಿಗೆಯ ಸುರುಳಿ, ಕೊಬ್ಬರಿಯ ಕಮ್ಮನೆ ಜಿಡ್ಡು ವಾಸನೆ, ಬ್ಯಾಟರಿ ಬಿಸಿಯಾದ ವಾಸನೆ. ಸೂಜಿ ಇಡುವುದು ನನ್ನ ಕೆಲಸ, ಇಂಗ್ಲಿಷಿನ ಮಾತು ಬಂದರೆ ಅವನಿಗೆ ಕೂಗಿ ಹೇಳುವುದೂ ನನ್ನ ಕೆಲಸ.

ಮೊದಲ ಸಲ ನನಗೆ ಅಳು ಬಂದಿತ್ತು. ಯಾರೋ ಒಂದೇ ತಂತಿಯನ್ನು ಉಜ್ಜುತ್ತಲೇ ಇದ್ದಾರೆ, ಬಾಗಿಲು ದಬ್ಬುತ್ತಾರೆ, ಗಿಟಾರು ಊಳಿಡುತ್ತದೆ, ಮಾತು ಹಿಂದುಮುಂದಾಗಿ ಓಡುತ್ತದೆ. ನಮ್ಮ ಕಾನ್ವೆಂಟಿನಲ್ಲಿ ಪ್ರಾರ್ಥನೆಯ ಹಾಡು ಒಂದು ಸ್ವರ ಜಾರಿದರೆ ಸಿಸ್ಟರ್ ಬೆರಳಿನ ಗಿಣ್ಣಿಗೆ ಸ್ಕೇಲಿನಿಂದ ತಟ್ಟುತ್ತಿದ್ದರು.

"ತಪ್ಪು ನುಡಿಸ್ತಾವ್ರೆ ಚಿಕ್ಕಪ್ಪ," ಅಂದೆ.

"ಬೇಕಂತಲೇ ತಪ್ಪು ನುಡಿಸ್ತಾವ್ರೆ ಕಣೇ. ಹಾಡು ಅಂತ ಕೇಳಬ್ಯಾಡ. ಸದ್ದು ಅಂತ ಕೇಳು. ಒಂದೊಂದು ಸದ್ದನ್ನೂ ಮುಟ್ಟಿ ನೋಡ್ದಂಗೆ."

ಅಡುಗೆಮನೆಯಿಂದ ಅಜ್ಜಿ: "ಲೇ ನಂಜಾ, ಗಾಡಿ ಅಚ್ಚು ಕಿರುಗುಟ್ಟದಂಗೆ ಕಿರುಗುಡ್ತೈತಲ್ಲಾ ಅದು! ಒಂದು ತೊಟ್ಟು ಕೊಬ್ರಿ ಎಣ್ಣೆನಾದ್ರೂ ಬುಡ್ಲಾ!"

ಅವನಿಗದು ಕೇಳಿಸಲಿಲ್ಲ. ನಾನು ಕೂಗಿ ಹೇಳಿದಾಗ ಬಿದ್ದು ಬಿದ್ದು ನಕ್ಕ.

ಒಂದು ಮಗ್ಗುಲು ಬಾಯಿಪಾಠವಾಗುವವರೆಗೂ ಮುಂದಿನದು ಮುಟ್ಟಬಾರದು ಅನ್ನುವುದು ಅವನ ನೇಮ. ಮೂರನೆಯ ಶನಿವಾರಕ್ಕೆ ನನಗೂ ಏನೋ ತೆರೆಯಿತು. ಆ ಉಜ್ಜುವ ತಂತಿ ಒಂದೇ ಅಲ್ಲ, ಎರಡಿವೆ, ಒಂದರ ಬೆನ್ನಿಗೆ ಒಂದು ಅಡಗಿದೆ. ಗದ್ದಲದ ನಡುವೆ ಯಾರೋ ಉಸಿರು ಎಳೆದುಕೊಳ್ಳುತ್ತಾರೆ. ಹೇಳಿದೆ. ಚಿಕ್ಕಪ್ಪ ನನ್ನ ಕೈ ಹಿಡಿದುಕೊಂಡ. "ಉಸಿರಾ? ಎಲ್ಲಿ? ಇನ್ನೊಂದ್ಸಲ ಹಾಕು." ಎಷ್ಟು ಸಲ ಹಾಕಿದರೂ ಅವನಿಗೆ ಆ ಉಸಿರು ಸಿಗಲಿಲ್ಲ. ಅವತ್ತೇ ನನಗೆ ಹೆದರಿಕೆ ಹುಟ್ಟಿದ್ದು. ಆಮೇಲಿನ ಶನಿವಾರಗಳೆಲ್ಲ ಓಟವೇ. ಅವನ ಕಿವಿ ಮುಂದೋ, ಮಗ್ಗುಲುಗಳು ಮುಂದೋ. ಶ್ರಾವಣದ ಹೊತ್ತಿಗೆ ಆರರಲ್ಲಿ ಐದು ಮಗ್ಗುಲು ಮುಗಿದಿದ್ದವು. ಉಳಿದದ್ದು ಮೂರನೆಯ ರೆಕಾರ್ಡಿನ ಎರಡನೆಯ ಮಗ್ಗುಲು.

"ಇದನ್ನ ಈಗಲೇ ಬ್ಯಾಡ," ಅಂದ. "ಬೆಂಗಳೂರಿಂದ ಬಂದಮ್ಯಾಕೆ. ಕಿವಿ ಪೂರ್ತಿ ಹೋಗೋ ಮುಂಚೆ ಒಂದಾದ್ರೂ ಹೊಸದು ಉಳ್ದಿರ್ಲಿ."

ಮತ್ತೆ ಡಾಕ್ಟರಿಗೆ ತೋರಿಸಲು ಅಪ್ಪ ಅವನನ್ನು ಕರೆದುಕೊಂಡು ಹೋದ ದಿನ ಅಜ್ಜಿ ಸೆರಗು ಸಿಕ್ಕಿಸಿದಳು. "ಆ ಕರೀ ತಟ್ಟೆಗಳೇ ನನ್ನ ಮಗನ ಕಿವಿ ತಿಂದವು. ನಾಳೆ ಹಂಡೆ ಒಲೆಗೆ ಹಾಕ್ತೀನಿ, ಶಿವನಾಣೆ." ಹಾಕುವವಳೇ. ಅಜ್ಜಿ ಆಣೆ ತಪ್ಪಿದ್ದು ನಾನು ಕಂಡಿರಲಿಲ್ಲ.

ಎಲ್ಲಿ ಬಚ್ಚಿಡಲಿ? ನಮ್ಮ ಮನೆಯಲ್ಲಿ ಕೆಡಬಾರದ್ದೆಲ್ಲ ಏರುತ್ತಿದ್ದದ್ದು ಒಂದೇ ಕಡೆ. ಅಟ್ಟಕ್ಕೆ ಹಾಕಿದ್ದು ಹಾಳಾಗುವುದಿಲ್ಲ ಅನ್ನುವುದು ಆ ಮನೆಯ ಮಕ್ಕಳಿಗೆ ಮಗ್ಗಿಗಿಂತ ಮೊದಲು ಗೊತ್ತಿರುತ್ತಿತ್ತು. ಮೂರನ್ನೂ ನನ್ನ ಹಳೆಯ ಯೂನಿಫಾರ್ಮಿನಲ್ಲಿ ಸುತ್ತಿ, ಏಣಿ ಹತ್ತಿ, ಮೂಲೆಯ ಕಾಯಿ ರಾಶಿಯ ಅಡಿಗೆ ತೂರಿಸಿದೆ. ಅಜ್ಜಿ ಕೇಳಿದಾಗ, ಸಿಸ್ಟರಿಗೆ ಕೊಟ್ಟುಬಿಟ್ಟೆ ಅಂದೆ.

ಮಾರನೆಯ ದಿನ ಜಡಿಮಳೆ ಹಿಡಿಯಿತು. ಥಂಡಿಗೆ ಕಾಯಿ ಕೊಳೆಯುತ್ತವೆ ಅಂತ ಅಜ್ಜಿ ಪ್ರತಿವರ್ಷದ ಹಾಗೆ ಅಟ್ಟದ ಕೆಳಗೆ ತೆಂಗಿನ ಮಟ್ಟೆಗೆ ಕೆಂಡ ಹಾಕಿ ಹೊಗೆ ಎಬ್ಬಿಸಿದಳು. ನಾನು ಆ ಹೊಗೆಯಲ್ಲೇ ಕಣ್ಣುಜ್ಜುತ್ತ ಹೋಂವರ್ಕ್ ಬರೆದೆ. ಮೂರು ದಿನ. ನನಗೆ ಒಂದು ಸಲವೂ ಹೊಳೆಯಲಿಲ್ಲ. ಇವತ್ತಿಗೂ ಬೆಳಿಗ್ಗೆ ದೋಸೆ ಹುಯ್ಯುತ್ತ ಹಂಚಿನ ಹೊಗೆ ಎದ್ದಾಗ ಇದ್ದಕ್ಕಿದ್ದಂತೆ ನೆನಪಾಗುವುದು ಅದೇ. ಹನ್ನೆರಡು ವರ್ಷದ, ಬುದ್ಧಿವಂತೆ ಅನ್ನಿಸಿಕೊಂಡ ಹುಡುಗಿಗೆ ಯಾಕೆ ಹೊಳೆಯಲಿಲ್ಲ?

ಶುಕ್ರವಾರ ಸಂಜೆ ಇಬ್ಬರೂ ಬಂದರು. ಅಪ್ಪ ಚಪ್ಪಲಿ ಬಿಡುತ್ತ ಅಜ್ಜಿಗೆ, "ರೆಕಾರ್ಡಿಗೂ ಇದಕ್ಕೂ ಸಂಬಂಧ ಇಲ್ವಂತೆ ಕಣವ್ವ. ಮಾಡೋಕೂ ಏನೂ ಇಲ್ವಂತೆ," ಅಂದರು. ಅಜ್ಜಿ ಒಲೆಯೊಳಕ್ಕೆ ಸೌದೆ ನೂಕಿದಳು. "ಕೇಳ್ಕಳ್ಳಿ ಬುಡು. ಸಿಸ್ಟರ್ ಹತ್ರ ಈಸ್ಕಂಡು ಬಾರವ್ವ ಶೀಲೂ," ಅಂದಳು.

ಶನಿವಾರ ಮಧ್ಯಾಹ್ನ ಅಟ್ಟ ಹತ್ತಿದೆ. ಬಟ್ಟೆ ಬಿಚ್ಚಿದರೆ ಮೇಲಿನ ಎರಡು ರೆಕಾರ್ಡು ಕಾಯಿಗಳ ಭಾರಕ್ಕೆ, ಕಾವಿಗೆ ಬಟ್ಟಲಿನ ಹಾಗೆ ಕುಳಿ ಬಿದ್ದಿದ್ದವು. ಅಡಿಯಲ್ಲಿದ್ದ ಮೂರನೆಯದು, ಇನ್ನೂ ಒಂದು ಮಗ್ಗುಲು ಬಾಕಿಯಿದ್ದದ್ದು, ಸುಟ್ಟ ಹಪ್ಪಳದ ಹಾಗೆ ಅಂಚೆಲ್ಲ ಅಲೆ ಅಲೆ. ಕೈಯಲ್ಲಿ ಒತ್ತಿದೆ, ತೊಡೆಯ ಮೇಲಿಟ್ಟು ಒತ್ತಿದೆ, ಅದರ ಮೇಲೆ ಕೂತೆ. ಕೆಳಗಿನಿಂದ ಚಿಕ್ಕಪ್ಪ ಕೂಗುತ್ತಿದ್ದ. ಕಿವಿ ಕೇಳದವರು ಕೂಗುವ ಹಾಗೆ, ಊರಿಗೆಲ್ಲ ಕೇಳುವ ಹಾಗೆ: "ಶೀಲೂ! ಬಾರೇ!"

ನಾನು ಒಳಗೆ ಹೋದಾಗ ಅವನು ಆಗಲೇ ಗೋಡೆಯ ಕಡೆ ತಿರುಗಿ ಮುಚ್ಚಳ ಅವಚಿಕೊಂಡಿದ್ದ. ನಾನು ರೆಕಾರ್ಡು ಇಟ್ಟೆ. ಅದು ಏರುತ್ತ ಇಳಿಯುತ್ತ ತಿರುಗಿತು. ಸೂಜಿ ಇಟ್ಟೆ. ಹಾರಿ ಬಿತ್ತು. ಇನ್ನೊಮ್ಮೆ ಇಟ್ಟಾಗ ನಿಂತಿತು.

ಬಾವಿಯೊಳಗೆ ಬಿದ್ದವರು ಮುಳುಗುತ್ತ ಏಳುತ್ತ ಹಾಡಿದ ಹಾಗಿತ್ತು ಅದು. ಪ್ರತಿ ಸ್ವರವೂ ತೇಲಿ, ಬಳುಕಿ, ಕುಸಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪ ಕಣ್ಣು ತೆರೆಯದೆ ಕೇಳಿದ.

"ಶೀಲೂ, ಇದು ಇರೋದೇ ಹಿಂಗಾ? ಇಲ್ಲಾ ನನ್ ಕಿವಿ ಹೋಗ್ತೈತಾ?"

ನಾನು ಹೇಳಬೇಕಿತ್ತು. ಅವನ ಭುಜ ಮುಟ್ಟಿ, ಚಿಕ್ಕಪ್ಪ, ತಿರುಗಿ ನೋಡು ಅನ್ನಬೇಕಿತ್ತು.

"ಇರೋದೇ ಹಿಂಗೆ ಚಿಕ್ಕಪ್ಪ," ಅಂತ ಕೂಗಿದೆ.

ಅವನ ಮುಖದ ಬಿಗಿ ಸಡಿಲವಾಯಿತು. "ಅಬ್ಬ, ಏನ್ ಧೈರ್ಯ ಕಣೇ ಇವ್ರದ್ದು," ಅಂದ. ಇಪ್ಪತ್ತು ನಿಮಿಷ ಅಲ್ಲಾಡದೆ ಕೇಳಿದ. ಮುಚ್ಚಿದ ಕಣ್ಣಿನ ಸಂದಿಯಿಂದ ನೀರು ಇಳಿದು ಮುಚ್ಚಳದ ಕೆಂಪು ಬಣ್ಣದ ಮೇಲೆ ಹರಿಯಿತು. ಮುಗಿದ ಕೂಡಲೇ ನಾನು ರೆಕಾರ್ಡನ್ನು ಲಂಗದ ಮರೆಗೆ ಹಿಡಿದುಕೊಂಡು ಓಡಿದೆ. ಮೂರೂ ಕರೆಂಟು ಕಂಬದ ಆಚೆಯ ಹಾಳು ಬಾವಿ ಸೇರಿದವು. ಸಿಸ್ಟರ್ ವಾಪಸ್ಸು ತೆಗೆದುಕೊಂಡರು ಅಂದೆ. ಇನ್ನೊಮ್ಮೆ ಹಾಕು ಅಂತ ಕೇಳುವ ಕಿವಿ ಅವನಿಗೆ ಬಹಳ ದಿನ ಉಳಿಯಲಿಲ್ಲ. ದೀಪಾವಳಿಯ ಪಟಾಕಿಗೆ ಅವನು ಬೆಚ್ಚಲಿಲ್ಲ.

ಎರಡು ವರ್ಷದ ಕೆಳಗೆ, ಕವರಿನ ಮೇಲಿದ್ದ ಹೆಸರು ಹೇಳಿ ಮಗಳ ಕೈಲಿ ಆ ಮಗ್ಗುಲನ್ನು ಮೊಬೈಲಿನಲ್ಲಿ ಹುಡುಕಿಸಿದೆ. ಆ ಮೂರು ರೆಕಾರ್ಡುಗಳಲ್ಲಿ ಗದ್ದಲವಿಲ್ಲದ ಮಗ್ಗುಲು ಅದೊಂದೇ ಅಂತ ಅಲ್ಲಿ ಬರೆದಿತ್ತು. ಎಲ್ಲವನ್ನೂ ಮುರಿದು ಹಾಕಿದ ಹುಡುಗರು ಕೊನೆಗೆ ಸುಮ್ಮನೆ ಕೂತು, ನೆಟ್ಟಗೆ, ಮೆತ್ತಗೆ ಹಾಡಿದ್ದರು. ಅದಕ್ಕೆ ಕಾನ್ವೆಂಟಿನ ಸಿಸ್ಟರ್ ಕೂಡ ಸ್ಕೇಲು ಎತ್ತುತ್ತಿರಲಿಲ್ಲ. ಅರ್ಧಕ್ಕೇ ನಿಲ್ಲಿಸು ಅಂದೆ.

ಆಗ ಚಿಕ್ಕಪ್ಪ ಇನ್ನೂ ಇದ್ದ. ಮಾತಾಡಲು ಅವನ ಮಂಚದ ಮೇಲೊಂದು ಸ್ಲೇಟು ಇರುತ್ತಿತ್ತು. ಊರಿಗೆ ಹೋದವಳು ಪಕ್ಕದಲ್ಲಿ ಕೂತು ಬರೆದೆ: ಅವತ್ತಿನ ರೆಕಾರ್ಡು ಸೊಟ್ಟಗಾಗಿತ್ತು, ಹಾಳು ಮಾಡಿದ್ದು ನಾನು. ಅವನು ದಿಂಬಿನ ಕೆಳಗೆ ಕನ್ನಡಕ ತಡಕುತ್ತಿದ್ದ. ಹಾಕಿಕೊಳ್ಳುವುದರೊಳಗೆ ಅಂಗೈಯಿಂದ ಒರೆಸಿಬಿಟ್ಟೆ.

"ಏನ್ ಬರ್ದೇ?"

ಬರೆದೆ: ಊಟ ಆಯ್ತಾ?

"ಆಯ್ತು ಕಣವ್ವ," ಅಂದ.

ಈಗ ಚಿಕ್ಕಪ್ಪ ಇಲ್ಲ. ಹೇಳಬೇಕಾದ್ದನ್ನು ಕೊನೆಗೂ ಇಷ್ಟುದ್ದ ಬರೆದಿದ್ದೇನೆ, ಯಾರ್ಯಾರೋ ಓದುತ್ತೀರಿ.